ನಾಯಿಯು ನಮ್ಮ ಮುಖದಲ್ಲಿ ಓದುವುದೇನು?

ನಾಯಿಯು ಮನುಷ್ಯನ ಮನಸ್ಸನ್ನು ಅರಿಯಬಲ್ಲುದೆ ಎಂಬ ಪ್ರಶ್ನೆಯನ್ನು ನಾಯಿ ಸಾಕಿದವರ ಮುಂದಿಟ್ಟರೆ ಅವರು ನಕ್ಕುಬಿಡುವರು. ಅದೂ ಒಂದು ಪ್ರಶ್ನೆಯೆ? ಯಜಮಾನನು ಕಚೇರಿಯಿಂದ ಯಾವ ಮನಸ್ಸಿನಲ್ಲಿ ಹಿಂದಿರುಗಿದ್ದಾನೆಂಬುದು ಮನೆಯ ಹೆಂಡತಿ ಮಕ್ಕಳಿಗಿಂತ ಮೊದಲು ನಾಯಿಗೆ ತಿಳಿಯುತ್ತದೆಯೆಂದು ಅವರು ಆಣೆಯಿಟ್ಟು ಹೇಳುವರು. ಬಾಗಿಲ ಚಿಲಕದ ಸದ್ದು ಒಂದೇ, ಬರುವ ಹೊತ್ತೂ ಒಂದೇ. ಆದರೂ ಒಂದು ದಿನ ಅದು ನೆಗೆದು ಎದೆಯ ಮೇಲೆ ಕಾಲಿಡುತ್ತದೆ, ಇನ್ನೊಂದು ದಿನ ಎರಡು ಮಾರು ದೂರದಲ್ಲಿಯೇ ನಿಂತು, ಬಾಲವನ್ನು ತಗ್ಗಿಸಿ, ಬರಲೋ ಬೇಡವೋ ಎಂಬಂತೆ ನೋಡುತ್ತದೆ. ನಾಯಿ ಸಾಕದವರ ಉತ್ತರ ಬೇರೆ. ಇದೆಲ್ಲ ಸಾಕಿದವರ ಮೋಹ. ಅನ್ನ ಹಾಕುವ ಕೈಯನ್ನು ಅದು ಬಲ್ಲುದೇ ಹೊರತು ಮನಸ್ಸನ್ನಲ್ಲ ಎಂದು ಅವರ ವಾದ. ಈ ಎರಡು ಪಕ್ಷಗಳ ನಡುವೆ ಕಳೆದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಪ್ರಯೋಗಶಾಲೆಯವರು ಬಂದು ನಿಂತಿದ್ದಾರೆ. ಅವರು ಕಂಡುಕೊಂಡಿರುವ ಸಂಗತಿಗಳು ಎರಡು ಪಕ್ಷದವರಿಗೂ ಪೂರ್ತಿಯಾಗಿ ಹಿತವಾಗುವಂತಹವಲ್ಲ.

ವಿಚಾರಕ್ಕೆ ತೊಡಗುವ ಮೊದಲು ನಮ್ಮ ಮನೆಯಲ್ಲಿ ಬಹಳ ಹಿಂದೆ ನಡೆದುದೊಂದನ್ನು ಹೇಳಬೇಕು. ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದುದೇ ಅದರಿಂದ. ನಮ್ಮಲ್ಲಿ ಕರಿಯನೆಂಬ ನಾಡುನಾಯಿಯೊಂದಿತ್ತು. ಗೌರಿಹಬ್ಬದ ಹಿಂದಿನ ದಿನ ಮಧ್ಯಾಹ್ನ, ನಡುಮನೆಯ ಹಲಗೆಯ ಮೇಲೆ ಆರಲು ಇಟ್ಟಿದ್ದ ಕಜ್ಜಾಯದ ತಟ್ಟೆ ನೆಲದ ಮೇಲೆ ಮಗುಚಿಬಿದ್ದಿತ್ತು. ಅದರಲ್ಲಿ ಒಂದು ಕಜ್ಜಾಯವೂ ಉಳಿದಿರಲಿಲ್ಲ. ನಾವು ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋದೆವು. ಕರಿಯ ನಮ್ಮನ್ನು ಕಂಡ ಕೂಡಲೆ ಕಿವಿಗಳನ್ನು ಹಿಂದಕ್ಕೆ ಮಡಿಸಿ, ಮೈಯನ್ನು ನೆಲಕ್ಕೆ ಒತ್ತಿ, ಮುಖವನ್ನು ಪಕ್ಕಕ್ಕೆ ತಿರುಗಿಸಿತು. ಕರೆದರೆ ನಮ್ಮ ಕಣ್ಣನ್ನು ನೋಡಲೊಲ್ಲದು. ನಮ್ಮ ಸೋದರತ್ತೆಯವರು ಬಾಗಿಲಲ್ಲಿ ನಿಂತಿದ್ದವರು, "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೇರೆ ಸಾಕ್ಷಿ ಯಾಕಪ್ಪ, ಅದರ ಮುಖವೇ ಹೇಳುತ್ತಿದೆಯಲ್ಲ!" ಎಂದರು. ಕರಿಯನಿಗೆ ಏಟು ಬಿತ್ತು. ಮರುದಿನ ಬೆಳಗ್ಗೆ ಪೂಜೆಯ ಹೊತ್ತಿಗೆ ಬೆಳಕಿಂಡಿಯಿಂದ ಕೋತಿಯೊಂದು ನಡುಮನೆಗೆ ಇಳಿದು ಬಾಳೆಹಣ್ಣಿನ ಚಿಪ್ಪನ್ನು ಎತ್ತಿಕೊಂಡು ಬಂದ ದಾರಿಯಲ್ಲಿಯೇ ಹೋಯಿತು. ಆಗ ಮನೆಯವರೆಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಕರಿಯ ಕಜ್ಜಾಯವನ್ನು ತಿಂದಿರಲಿಲ್ಲ. ಹಾಗಾದರೆ ಅದರ ಮುಖದ ಮೇಲೆ ನಾವು ಕಂಡುದೇನು?

ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಶಾಸ್ತ್ರದ ಕಡೆಗೆ ಬರೋಣ. ಪ್ರಾಣಿಗಳ ಭಾವಗಳನ್ನು ಮೊದಲು ಶಾಸ್ತ್ರದೃಷ್ಟಿಯಿಂದ ನೋಡಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಮುಖ್ಯನು. ಮನುಷ್ಯನಲ್ಲಿಯೂ ಪ್ರಾಣಿಗಳಲ್ಲಿಯೂ ಭಾವಗಳು ಹೇಗೆ ಪ್ರಕಟವಾಗುವುವೆಂಬುದನ್ನು ಕುರಿತು ಆತನು ೧೮೭೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಯಿಗೆ ದೊಡ್ಡ ಸ್ಥಾನವುಂಟು. ಅಪರಿಚಿತನ ಮೇಲೆ ಏರಿಹೋಗುವ ನಾಯಿಯು ಮೈಯನ್ನು ಸೆಟೆದು, ಬಾಲವನ್ನು ನೆಟ್ಟಗೆ ನಿಲ್ಲಿಸಿ, ಕಿವಿಗಳನ್ನು ಮುಂದೆ ಚಾಚಿ, ಕತ್ತಿನ ರೋಮವನ್ನು ನಿಮಿರಿಸಿ ನಡೆಯುವುದು. ಬಂದವನು ತನ್ನ ಒಡೆಯನೆಂದು ತಿಳಿದ ಕ್ಷಣದಲ್ಲಿಯೇ ಈ ಒಂದೊಂದು ಲಕ್ಷಣವೂ ತಿರುವುಮುರುವಾಗಿ, ಮೈ ಬಳುಕುವುದು, ಬಾಲ ತಗ್ಗಿ ಆಡುವುದು, ಕಿವಿ ಹಿಂದೆ ಸರಿಯುವುದು. ವಿರುದ್ಧ ಭಾವಗಳಿಗೆ ವಿರುದ್ಧ ಚಿಹ್ನೆಗಳು ಎಂಬ ತನ್ನ ಸೂತ್ರಕ್ಕೆ ಆತನು ಇದನ್ನು ನಿದರ್ಶನವಾಗಿ ಕೊಟ್ಟನು. ಆತನ ಮನೆಯ ನಾಯಿಯೊಂದರ ಕಥೆಯೂ ಅಲ್ಲಿದೆ. ವಾಯುಸೇವನೆಗೆಂದು ಹೊರಟ ಡಾರ್ವಿನ್ನನು ಗಿಡಗಳನ್ನು ನೋಡಲು ಗಾಜಿನ ಮನೆಯ ಕಡೆಗೆ ತಿರುಗಿದರೆ, ಮುಂದೆ ಕುಣಿಯುತ್ತ ಹೋಗುತ್ತಿದ್ದ ಆ ನಾಯಿಯು ತಲೆ ಬಾಲಗಳನ್ನು ಇಳಿಬಿಟ್ಟು ಸಮಸ್ತ ಆಶೆಯನ್ನೂ ಕಳೆದುಕೊಂಡಂತೆ ನಿಂತುಬಿಡುತ್ತಿತ್ತಂತೆ. ಆ ಮುಖಕ್ಕೆ ಮನೆಯವರು 'ಗಾಜಿನಮನೆಯ ಮುಖ' ಎಂದೇ ಹೆಸರಿಟ್ಟಿದ್ದರು.

ಆದರೆ ಡಾರ್ವಿನ್ನನು ನೋಡಿದುದು ನಾಯಿಯ ಭಾವವನ್ನು. ನಾಯಿಯು ನಮ್ಮ ಭಾವವನ್ನು ನೋಡುವುದೆ ಎಂಬುದು ಬೇರೆಯ ಮಾತು. ಅದನ್ನು ತಿಳಿಯುವುದು ಎಷ್ಟು ಕಷ್ಟವೆಂಬುದನ್ನು ಜಗತ್ತಿಗೆ ಕಲಿಸಿದ ಪ್ರಾಣಿಯು ನಾಯಿಯಲ್ಲ, ಒಂದು ಕುದುರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬರ್ಲಿನ್ ನಗರದಲ್ಲಿ 'ಜಾಣ ಹಾನ್ಸ್' ಎಂಬ ಕುದುರೆಯು ಲೆಕ್ಕ ಮಾಡುತ್ತದೆಂದು ಖ್ಯಾತಿ ಪಡೆದಿತ್ತು. ಪ್ರಶ್ನೆಯನ್ನು ಕೇಳಿದರೆ ಅದು ಗೊರಸಿನಿಂದ ನೆಲವನ್ನು ತಟ್ಟಿ ಸರಿಯಾದ ಉತ್ತರಕ್ಕೆ ಬಂದಾಗ ನಿಲ್ಲಿಸುತ್ತಿತ್ತು. ಆಸ್ಕರ್ ಪ್ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞನು ಇದನ್ನು ಪರೀಕ್ಷಿಸಿ ೧೯೦೭ರಲ್ಲಿ ಗುಟ್ಟನ್ನು ಹೊರಗೆಡವಿದನು. ಪ್ರಶ್ನೆ ಕೇಳಿದವನಿಗೇ ಉತ್ತರವು ತಿಳಿಯದಿದ್ದರೆ ಕುದುರೆಗೂ ತಿಳಿಯುತ್ತಿರಲಿಲ್ಲ. ಅವನು ಕಣ್ಣಿಗೆ ಬೀಳದಿದ್ದರೂ ಅದು ತಪ್ಪುತ್ತಿತ್ತು. ತಟ್ಟುವಿಕೆ ಸರಿಯಾದ ಸಂಖ್ಯೆಗೆ ಬಂದ ಕೂಡಲೆ ಪ್ರಶ್ನಿಸಿದವನ ತಲೆಯು ಅವನಿಗೇ ಅರಿವಾಗದಷ್ಟು ಸೂಕ್ಷ್ಮವಾಗಿ ಅಲುಗುತ್ತಿತ್ತು. ಕುದುರೆಯು ಅದನ್ನು ನೋಡಿ ನಿಲ್ಲಿಸುತ್ತಿತ್ತು. ಹೀಗೆ ಹಾನ್ಸನ ಗಣಿತದ ಕೀರ್ತಿ ಮಣ್ಣುಪಾಲಾಯಿತು. ಆದರೆ ಒಂದು ಕೀರ್ತಿ ಹೋದಲ್ಲಿ ಇನ್ನೊಂದು ಬಂದುದನ್ನು ಅಂದಿನವರು ಅಷ್ಟಾಗಿ ಗಮನಿಸಲಿಲ್ಲವೆಂದು ನಮಗೆ ತೋರುತ್ತದೆ. ಕೂಡುವುದು ಕಳೆಯುವುದು ಬಾರದ ಆ ಪ್ರಾಣಿಯು, ನೆರೆದಿದ್ದ ಪಂಡಿತರ ಕಣ್ಣಿಗೂ ಕಾಣದಿದ್ದ ಮನುಷ್ಯನ ಮನದ ಅಲುಗಾಟವನ್ನು ಕಂಡುಹಿಡಿದಿತ್ತು!

ಕುದುರೆಗೇ ಇಷ್ಟು ಸಾಧ್ಯವಾದರೆ, ನಮ್ಮ ಮನೆಯೊಳಗೇ ಹುಟ್ಟಿ ಬೆಳೆಯುವ ನಾಯಿಗೆ ಎಷ್ಟು ಸಾಧ್ಯವಾಗಬೇಡ? ಹಾನ್ಸನ ಪಾಠವನ್ನು ನೆನಪಿನಲ್ಲಿಟ್ಟುಕೊಂಡ ಈಗಿನ ವಿಜ್ಞಾನಿಗಳು, ಒಡೆಯನು ಅರಿಯದೆ ಕೊಡುವ ಸನ್ನೆಗಳು ಒಳಗೆ ಬಾರದಂತೆ ತಮ್ಮ ಪರೀಕ್ಷೆಗಳನ್ನು ಹೆಣೆಯುತ್ತಾರೆ.

ಮೊದಲು ಕಣ್ಣಿನ ವಿಚಾರ. ವಿಯೆನ್ನಾ ನಗರದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದಲ್ಲಿ ನಾಯಿಗಳಿಗೆ, ಮೂತಿಯಿಂದ ಮುಟ್ಟಿದರೆ ಉತ್ತರ ಕೊಡುವ ಒಂದು ತೆರೆಯ ಮೇಲೆ, ಒಬ್ಬರದೇ ಎರಡು ಭಾವಚಿತ್ರಗಳನ್ನು ತೋರಿಸಿದರು; ಒಂದು ನಗುಮುಖ, ಒಂದು ಸಿಡುಕುಮುಖ. ಕಲಿಕೆಯ ಕಾಲದಲ್ಲಿ ಕೆಲವು ನಾಯಿಗಳಿಗೆ ಮುಖದ ಮೇಲಿನ ಅರ್ಧವನ್ನು ಮಾತ್ರವೂ, ಇನ್ನು ಕೆಲವಕ್ಕೆ ಕೆಳಗಿನ ಅರ್ಧವನ್ನು ಮಾತ್ರವೂ ತೋರಿಸಿದ್ದರು. ಅನಂತರ ಹೊಸಬರ ಮುಖಗಳನ್ನು ಇಟ್ಟಾಗಲೂ, ತಾವು ಎಂದೂ ನೋಡದ ಇನ್ನೊಂದು ಅರ್ಧವನ್ನು ಇಟ್ಟಾಗಲೂ ನಾಯಿಗಳು ಸಂತೋಷವನ್ನೂ ಕೋಪವನ್ನೂ ಬೇರೆ ಮಾಡಿದುವು. ಹಲ್ಲು ಕಾಣುವುದೇ ನಗು ಎಂಬ ಕುರುಡು ಗುರುತಿನಿಂದ ಇದು ಆಗುವಂತಿಲ್ಲ. ಕಣ್ಣಿನ ಸುತ್ತಣ ಸುಕ್ಕನ್ನು ಬಾಯಿಯ ಅಂಚಿನೊಡನೆ ಸೇರಿಸಿ, ಅದುವರೆಗೆ ನಿಜವಾದ ಮನುಷ್ಯರ ಮುಖದಲ್ಲಿ ಕಂಡುದರ ನೆನಪನ್ನು ಅವು ಬಳಸಿಕೊಂಡಿರಬೇಕು. ೨೦೧೫ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ: ನಗುಮುಖವನ್ನು ಮುಟ್ಟಬೇಕೆಂದು ಕಲಿಸಿದ ನಾಯಿಗಳು ಬೇಗ ಕಲಿತುವು, ಸಿಡುಕುಮುಖವನ್ನು ಮುಟ್ಟಬೇಕಾದವು ನಿಧಾನಿಸಿದುವು. ತಿಂಡಿಯ ಆಶೆಯಿದ್ದರೂ ಕೋಪದ ಮುಖಕ್ಕೆ ಮೂತಿಯನ್ನು ತಾಗಿಸಲು ಅವಕ್ಕೆ ಮನಸ್ಸು ಒಪ್ಪಲಿಲ್ಲವೆಂದು ಕಾಣುತ್ತದೆ.

ಮುಖಕ್ಕೆ ಸ್ವರವೂ ಸೇರಿದರೆ ನಾಯಿಯ ಓದು ಇನ್ನೂ ಸ್ಪಷ್ಟವಾಗುವುದು. ೨೦೧೬ರಲ್ಲಿ ಇಂಗ್ಲೆಂಡಿನ ಲಿಂಕನ್ ಮತ್ತು ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾನಿಲಯಗಳವರು ೧೭ ನಾಯಿಗಳ ಎದುರಿಗೆ ಎರಡು ಮುಖಗಳನ್ನು ತೋರಿಸಿ, ಒಂದು ಧ್ವನಿಯನ್ನು ಕೇಳಿಸಿದರು. ಧ್ವನಿಯು ಪ್ರಸನ್ನವಾಗಿದ್ದರೆ ನಾಯಿಗಳು ಪ್ರಸನ್ನ ಮುಖವನ್ನೂ, ಒರಟಾಗಿದ್ದರೆ ಒರಟು ಮುಖವನ್ನೂ ಹೆಚ್ಚು ಹೊತ್ತು ನೋಡಿದುವು. ಮಾತಾಡಿದವರ ಭಾಷೆ ಪೋರ್ಚುಗೀಸು. ಕೇಳಿದುವು ಇಂಗ್ಲೆಂಡಿನ ನಾಯಿಗಳು. ಆದ್ದರಿಂದ ಮಾತಿನ ಅರ್ಥದಿಂದ ಅವು ತಿಳಿದುವೆನ್ನುವಂತಿಲ್ಲ. ಇದನ್ನು ಓದಿದಾಗ ನಮಗೆ ಕರಿಯನ ನೆನಪಾಯಿತು. ರೇಡಿಯೋದಲ್ಲಿ ನಾಟಕ ನಡೆಯುವಾಗ ಯಾವ ಪಾತ್ರಧಾರಿಯಾದರೂ ಆರ್ಭಟಿಸಿದರೆ, ಜಗಲಿಯ ಮೇಲೆ ಮಲಗಿದ್ದ ಕರಿಯ ಎದ್ದು ಪೆಟ್ಟಿಗೆಯ ಕಡೆಗೊಮ್ಮೆ, ನಮ್ಮ ಕಡೆಗೊಮ್ಮೆ ನೋಡಿ, ಹಿತ್ತಲಿಗೆ ಹೋಗಿಬಿಡುತ್ತಿತ್ತು.

ಹಂಗೆರಿಯ ಬುಡಾಪೆಸ್ಟಿನಲ್ಲಿ ಆಟಿಲಾ ಆಂಡಿಚ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ಇನ್ನೂ ಒಳಕ್ಕೆ ಇಣಿಕಿ ನೋಡಿದ್ದಾರೆ. ಮಿದುಳಿನ ಯಾವ ಭಾಗದಲ್ಲಿ ಯಾವಾಗ ಚಟುವಟಿಕೆ ಹೆಚ್ಚಿತೆಂಬುದನ್ನು ತೋರಿಸುವ ಕಾಂತಯಂತ್ರವೊಂದುಂಟು. ಆಸ್ಪತ್ರೆಗಳಲ್ಲಿ ಅದನ್ನು ಎಂ. ಆರ್. ಐ. ಎನ್ನುವರು. ಅದರ ಗುಡುಗುವ ಸದ್ದಿನಲ್ಲಿ ಮನುಷ್ಯರೇ ಅಲುಗಾಡದೆ ಮಲಗುವುದು ಕಷ್ಟ. ಇವರು ನಾಯಿಗಳಿಗೆ, ಕಟ್ಟದೆ, ಮದ್ದು ಕೊಡದೆ, ಬರಿಯ ಪ್ರೋತ್ಸಾಹದಿಂದಲೇ, ಅದರೊಳಗೆ ಕೆಲವು ನಿಮಿಷ ನಿಶ್ಚಲವಾಗಿ ಮಲಗುವುದನ್ನು ಕಲಿಸಿದರು. ೨೦೧೪ರಲ್ಲಿ ೧೧ ನಾಯಿಗಳನ್ನೂ ೨೨ ಜನರನ್ನೂ ಹೋಲಿಸಿದಾಗ, ನಗು ಅಳುಗಳಂತಹ ಭಾವತುಂಬಿದ ಧ್ವನಿಗಳಿಗೆ ಇಬ್ಬರ ಮಿದುಳುಗಳೂ ಒಂದಕ್ಕೊಂದು ಹೋಲುವಂತೆ ಸ್ಪಂದಿಸುವುದು ಕಂಡುಬಂದಿತು. ಎರಡು ವರ್ಷಗಳ ಮೇಲೆ ೧೩ ನಾಯಿಗಳಿಗೆ ಹೊಗಳಿಕೆಯ ಮಾತುಗಳನ್ನೂ ಅರ್ಥಹೀನವಾದ ಸಾಮಾನ್ಯ ಶಬ್ದಗಳನ್ನೂ, ಒಮ್ಮೆ ಮೆಚ್ಚುಗೆಯ ದನಿಯಲ್ಲಿ, ಒಮ್ಮೆ ಸಪ್ಪೆ ದನಿಯಲ್ಲಿ ಕೇಳಿಸಿದರು. ಮಿದುಳಿನಲ್ಲಿ ಸುಖವನ್ನು ಅನುಭವಿಸುವ ಕೇಂದ್ರವು ಎಚ್ಚೆತ್ತುದು ಹೊಗಳಿಕೆಯ ಮಾತೂ ಹೊಗಳಿಕೆಯ ದನಿಯೂ ಕೂಡಿಬಂದಾಗ ಮಾತ್ರ. ಬಾಯಲ್ಲಿ 'ಭೇಷ್' ಎನ್ನುತ್ತ ಮನಸ್ಸಿನಲ್ಲಿ ಬೇಸರಪಡುವವನ ಹೊಗಳಿಕೆಗೆ ಅಧೀನ ನೌಕರನು ಮರುಳಾದರೂ ಆಗಬಹುದು, ನಾಯಿಯು ಆಗುವುದಿಲ್ಲ!

ಆದರೆ ಕಣ್ಣು ಕಿವಿಗಳ ಮಾತನ್ನು ನಾವು ಮೊದಲು ಹೇಳಿದುದು ಮನುಷ್ಯರ ಅಭ್ಯಾಸದಿಂದ; ನಮಗೆ ಅವೇ ಮುಖ್ಯ. ನಾಯಿಯ ಪಾಲಿಗೆ ಜಗತ್ತಿನ ಹೆಬ್ಬಾಗಿಲು ಮೂಗು. ನಾವು ಕೋಪವನ್ನು ನುಂಗಿಕೊಂಡು ನಗಬಹುದು, ಹೆದರಿಕೆಯನ್ನು ಅಡಗಿಸಿ ದನಿಯನ್ನು ಸಮವಾಗಿಡಬಹುದು. ಬೆವರನ್ನೂ ಉಸಿರನ್ನೂ ನಟನೆಗೆ ಒಗ್ಗಿಸಲಾರೆವು. ಮನಸ್ಸು ಕಳವಳಗೊಂಡಾಗ ದೇಹದೊಳಗಿನ ರಸಗಳು ಬದಲಾಗುವುವು. ಅದರೊಂದಿಗೆ ಚರ್ಮದಿಂದಲೂ ಶ್ವಾಸದಿಂದಲೂ ಹೊರಹೊಮ್ಮುವ ಸೂಕ್ಷ್ಮ ವಾಸನೆಗಳೂ ಬದಲಾಗುವುವು. ಈ ವಾಸನೆಯನ್ನು ನಾಯಿಯು ಗುರುತಿಸಬಲ್ಲುದೆ ಎಂಬುದನ್ನು ಐರ್ಲೆಂಡ್ ದ್ವೀಪದ ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾನಿಲಯದವರು ಬಹು ಅಚ್ಚುಕಟ್ಟಾಗಿ ಪರೀಕ್ಷಿಸಿ ೨೦೨೨ರಲ್ಲಿ ಪ್ರಕಟಿಸಿದರು. ಜನರನ್ನು ಕಳವಳಪಡಿಸಲು ಅವರು ಹೂಡಿದ ಉಪಾಯವು ನಮ್ಮ ಶ್ರೋತೃಗಳಲ್ಲಿ ಅನೇಕರಿಗೆ ತಮ್ಮ ಬಾಲ್ಯದ ಶಾಲೆಯನ್ನು ನೆನಪಿಗೆ ತರಬಹುದು: ಒಂಬತ್ತು ಸಾವಿರದಿಂದ ಹಿಂದಕ್ಕೆ ಹದಿನೇಳು ಹದಿನೇಳಾಗಿ ಕಳೆಯುತ್ತ, ಪರೀಕ್ಷಕರ ಮುಂದೆ, ಗಟ್ಟಿಯಾಗಿ ಹೇಳಬೇಕು! ಲೆಕ್ಕಕ್ಕೆ ಮುಂಚೆ ಒಮ್ಮೆ, ಲೆಕ್ಕ ಮುಗಿದ ಕೂಡಲೆ ಒಮ್ಮೆ, ಅವರ ಬೆವರು ಉಸಿರುಗಳನ್ನು ಬಟ್ಟೆಯ ತುಂಡಿಗೆ ಹಿಡಿದು ಶೀಶೆಯಲ್ಲಿಟ್ಟರು. ನಿಜವಾಗಿಯೂ ಕಳವಳಗೊಂಡ ೩೬ ಮಂದಿಯ ಶೀಶೆಗಳನ್ನು ತರಬೇತಿ ಹೊಂದಿದ ನಾಲ್ಕು ನಾಯಿಗಳ ಮುಂದೆ ಇಟ್ಟರು. ಒಬ್ಬನದೇ ಬೆವರು, ಒಂದೇ ದಿನದ್ದು, ಕೆಲವೇ ನಿಮಿಷಗಳ ಅಂತರದ್ದು. ಬದಲಾದುದು ಮನಸ್ಸಿನ ಸ್ಥಿತಿಯೊಂದೇ. ಒಟ್ಟು ೭೨೦ ಸಲದ ಪರೀಕ್ಷೆಯಲ್ಲಿ ೬೭೫ ಸಲ ನಾಯಿಗಳು ಕಳವಳದ ಶೀಶೆಯನ್ನು ಸರಿಯಾಗಿ ತೋರಿಸಿದುವು.

ಗುರುತಿಸುವುದು ಬೇರೆ, ಅದರಿಂದ ತಾನೂ ಕದಡುವುದು ಬೇರೆಯಲ್ಲವೆ ಎಂದು ಕೇಳಬಹುದು. ಆ ಕೇಳಿಕೆಗೆ ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು ೨೦೨೪ರಲ್ಲಿ ಉತ್ತರಕ್ಕೆ ದಾರಿ ತೋರಿಸಿದ್ದಾರೆ. ಒಂದು ಕಡೆ ಬಟ್ಟಲಿಟ್ಟರೆ ಅದರಲ್ಲಿ ತಿಂಡಿಯಿರುವುದು, ಇನ್ನೊಂದು ಕಡೆ ಇಟ್ಟರೆ ಬರಿದಾಗಿರುವುದು ಎಂದು ೧೮ ನಾಯಿಗಳಿಗೆ ಕಲಿಸಿ, ಆಮೇಲೆ ಬಟ್ಟಲನ್ನು ಈ ಎರಡರ ನಡುವಣ ಸ್ಥಳಗಳಲ್ಲಿಟ್ಟು, ನಾಯಿ ಓಡಿಹೋಗುವುದೋ ಹಿಂಜರಿಯುವುದೋ ಎಂದು ನೋಡಿದರು. ಕಳವಳಗೊಂಡ ಮನುಷ್ಯನೊಬ್ಬನ ವಾಸನೆಯನ್ನು ಮೊದಲು ಮೂಸಿಸಿದ್ದರೆ, ಬರಿಬಟ್ಟಲಿನ ಸ್ಥಳಕ್ಕೆ ಹತ್ತಿರವಾದ ಬಟ್ಟಲಿನ ಕಡೆಗೆ ಹೋಗಲು ನಾಯಿಗಳು ಹಿಂದೆಗೆದುವು. ಅಲ್ಲಿ ಏನೂ ಸಿಕ್ಕದು ಎಂಬ ನಿರಾಶೆ ಅವುಗಳ ಮನಸ್ಸಿಗೆ ಬಂದಂತಿತ್ತು. ಆ ಮನುಷ್ಯನು ಅವಕ್ಕೆ ಪೂರ್ತಿ ಅಪರಿಚಿತನು. ಅವನು ಎದುರಿಗೂ ಇರಲಿಲ್ಲ. ಇನ್ನು ಹಗಲೂ ಇರುಳೂ ಒಂದೇ ಮನೆಯಲ್ಲಿರುವವರ ಮಾತೇನು? ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾನಿಲಯದವರು ೨೦೧೯ರಲ್ಲಿ ೫೮ ನಾಯಿಗಳ ರೋಮವನ್ನೂ ಅವುಗಳ ಒಡತಿಯರ ತಲೆಗೂದಲನ್ನೂ ಪರೀಕ್ಷಿಸಿದರು. ಮನಸ್ಸಿಗೆ ಬಹುಕಾಲ ಕಿರುಕುಳವಿದ್ದರೆ ಕಾರ್ಟಿಸಾಲ್ ಎಂಬ ರಸವು ಕೂದಲಿನಲ್ಲಿ ಶೇಖರವಾಗುವುದು. ಒಡತಿಯ ಕೂದಲಿನಲ್ಲಿ ಅದು ಹೆಚ್ಚಾಗಿದ್ದಲ್ಲಿ ನಾಯಿಯ ರೋಮದಲ್ಲಿಯೂ ಹೆಚ್ಚಾಗಿರುವ ಒಲವು ಕಂಡಿತು. ಅದಕ್ಕೆ ನಾಯಿಯ ಸ್ವಭಾವಕ್ಕಿಂತ ಒಡತಿಯ ಸ್ವಭಾವವೇ ಹೆಚ್ಚು ಕಾರಣವೆಂದು ಅವರು ತಿಳಿದರು. ಮನೆಯ ಚಿಂತೆಯು ಗೋಡೆಗಳಿಗೆ ತಿಳಿಯದಿದ್ದರೂ ನಾಯಿಯ ರೋಮದೊಳಗೆ ಬರೆಹವಾಗುತ್ತದೆ.

ಈಗ ಕರಿಯನ ಮುಖಕ್ಕೆ ಹಿಂದಿರುಗೋಣ. ನ್ಯೂಯಾರ್ಕ್ ನಗರದ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿಯು ೨೦೦೯ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು, ನಮ್ಮ ಅಭಿಪ್ರಾಯದಲ್ಲಿ, ಈ ವಿಷಯದಲ್ಲಿ ನಡೆದಿರುವ ಎಲ್ಲ ಪರೀಕ್ಷೆಗಳಲ್ಲಿ ಹೆಚ್ಚು ಮನಮುಟ್ಟುವಂತಹದು. ಒಡೆಯನು ನಾಯಿಯ ಮುಂದೆ ತಿಂಡಿಯನ್ನಿಟ್ಟು 'ತಿನ್ನಕೂಡದು' ಎಂದು ಆಜ್ಞೆಮಾಡಿ ಹೊರಗೆ ಹೋಗುವನು. ಅವನಿಲ್ಲದಾಗ ಕೆಲವು ಸಲ ತಿಂಡಿಯು ನಾಯಿಯ ಹೊಟ್ಟೆಗೆ ಹೋಗುವುದು. ಕೆಲವು ಸಲ ಪರೀಕ್ಷಕರೇ ಅದನ್ನು ತೆಗೆದುಬಿಡುವರು. ಒಡೆಯನು ಹಿಂದಿರುಗಿದಾಗ ಅವನಿಗೆ ಕೆಲವು ಸಲ ನಿಜವನ್ನೂ ಕೆಲವು ಸಲ ಸುಳ್ಳನ್ನೂ ಹೇಳುವರು. ನಾಯಿ ತಿಂದಿತೆಂದು ನಂಬಿದವನು ಅದನ್ನು ಗದರಿಸುವನು. ತಿನ್ನಲಿಲ್ಲವೆಂದು ನಂಬಿದವನು ಮುದ್ದಿಸುವನು. ಹೀಗೆ ೧೪ ನಾಯಿಗಳ ಚೇಷ್ಟೆಗಳನ್ನು ಚಿತ್ರಹಿಡಿದು ನೋಡಿದಾಗ, ನಾವು 'ಕಳ್ಳಮುಖ'ವೆಂದು ಕರೆಯುವ ಲಕ್ಷಣಗಳಿಗೆ, ಎಂದರೆ ಕಿವಿ ಮಡಿಸುವುದು, ಕಣ್ಣು ತಪ್ಪಿಸುವುದು, ಬಾಲವನ್ನು ಕಾಲ ನಡುವೆ ಸೇರಿಸುವುದು, ಮೈ ಕುಗ್ಗಿಸುವುದು ಇವಕ್ಕೆ, ನಾಯಿ ತಿಂದುದಕ್ಕೂ ತಿನ್ನದುದಕ್ಕೂ ಸಂಬಂಧವೇ ಕಾಣಲಿಲ್ಲ. ಸಂಬಂಧವಿದ್ದುದು ಒಡೆಯನ ಗದರಿಕೆಗೆ. ಗದರಿಸಿದರೆ ಕಳ್ಳಮುಖ, ಗದರಿಸದಿದ್ದರೆ ಇಲ್ಲ. ಅಷ್ಟೇ ಅಲ್ಲ, ಗದರಿಕೆಗೆ ಸಿಕ್ಕಿದ ನಾಯಿಗಳಲ್ಲಿ ಆ ಮುಖವು ಹೆಚ್ಚು ಎದ್ದು ಕಂಡುದು ತಿಂದವುಗಳಲ್ಲಿ ಅಲ್ಲ, ಆಜ್ಞೆಯನ್ನು ಪಾಲಿಸಿ ಸುಮ್ಮನಿದ್ದವುಗಳಲ್ಲಿ.

ಕರಿಯ ಆ ಮಧ್ಯಾಹ್ನ ಓದಿದುದು ತನ್ನ ಅಪರಾಧವನ್ನಲ್ಲ, ನಮ್ಮ ಮುಖವನ್ನು. ನಮ್ಮ ನಡಿಗೆಯ ಬಿರುಸನ್ನು, ಉಸಿರಿನ ಬಿಸಿಯನ್ನು, ಬಹುಶಃ ನಮ್ಮ ಬೆವರನ್ನೂ. ಅದನ್ನು ಅದು ತಪ್ಪಿಲ್ಲದೆ ಓದಿತು. ತಪ್ಪು ಓದಿದವರು ನಾವು. ಅದರ ಹೆದರಿಕೆಯನ್ನು ತಪ್ಪೊಪ್ಪಿಗೆಯೆಂದು ತಿಳಿದು, ಆ ತಪ್ಪೊಪ್ಪಿಗೆಯ ಬಲದ ಮೇಲೆ ಶಿಕ್ಷೆ ಕೊಟ್ಟೆವು. ಈ ಪ್ರಬಂಧವನ್ನು ನಾವು ಓದುವ ಹೊತ್ತಿಗೆ ಕರಿಯ ಹಿತ್ತಲ ಸೀಬೆಯ ಮರದ ಬುಡದಲ್ಲಿ ಮಣ್ಣಾಗಿ ಬಹಳ ಕಾಲವಾಗಿತ್ತು.

ನಾಯಿಯು ನಮ್ಮ ಭಾವವನ್ನು ತಿಳಿಯುವುದೆಂಬುದು ಹೀಗೆ ನಿಶ್ಚಯವಾದರೂ, ಅದು ನಮಗಾಗಿ ಮರುಗುವುದೆ ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲಿ ನಾಯಿ ಸಾಕಿದವರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನವರು ೨೦೧೨ರಲ್ಲಿ ೧೮ ನಾಯಿಗಳನ್ನು ಅವುಗಳ ಮನೆಗಳಲ್ಲಿಯೇ ಪರೀಕ್ಷಿಸಿದರು. ಒಡೆಯರೂ ಒಬ್ಬ ಅಪರಿಚಿತರೂ ಸರದಿಯಮೇಲೆ ಮಾತನಾಡುವುದು, ರಾಗ ಗುನುಗುವುದು, ಅಳುವಂತೆ ನಟಿಸುವುದು. ೧೫ ನಾಯಿಗಳು ಅಳುವವರ ಹತ್ತಿರ ಹೋದುವು. ಗುನುಗುವಾಗ ಹೋದುವು ಆರೇ. ತನಗೆ ಸಮಾಧಾನ ಬೇಕಾಗಿ ಹೋದುದಾದರೆ ನಾಯಿಯು ಯಾವಾಗಲೂ ಒಡೆಯನ ಬಳಿಗೇ ಹೋಗಬೇಕಾಗಿತ್ತು. ಅವು ಅಪರಿಚಿತರು ಅತ್ತಾಗ ಅಪರಿಚಿತರ ಬಳಿಗೇ, ಕುಣಿದಾಡದೆ, ಮೈ ತಗ್ಗಿಸಿಕೊಂಡು ಹೋದುವು. ಇದು ಮರುಕವೆ? ಪರೀಕ್ಷಿಸಿದವರೇ ಹಾಗೆಂದು ಖಂಡಿತವಾಗಿ ಹೇಳಲಿಲ್ಲ. ಹಿಂದೆ ಅಳುವವರನ್ನು ಸಮೀಪಿಸಿದಾಗ ಮುದ್ದು ದೊರೆತ ನೆನಪೂ ಕಾರಣವಾಗಿರಬಹುದು. ೨೦೧೮ರಲ್ಲಿ ಅಮೆರಿಕದಲ್ಲಿ ೩೪ ನಾಯಿಗಳೊಡನೆ ಮಾಡಿದ ಇನ್ನೊಂದು ಪರೀಕ್ಷೆಯಲ್ಲಿ ಒಡೆಯರು ಗಾಜಿನ ಕಿಟಕಿಯುಳ್ಳ ಬಾಗಿಲಿನ ಆಚೆ ಕುಳಿತು ಅತ್ತರು ಅಥವಾ ಹಾಡನ್ನು ಗುನುಗಿದರು. ನೂಕಿದರೆ ತೆರೆಯುವ ಬಾಗಿಲು. ಅತ್ತಾಗಲೂ ಗುನುಗಿದಾಗಲೂ ತೆರೆದ ನಾಯಿಗಳ ಸಂಖ್ಯೆಯಲ್ಲಿ ದೊಡ್ಡ ಭೇದವಿರಲಿಲ್ಲ; ಆದರೆ ಅಳುವನ್ನು ಕೇಳಿ ತೆರೆದವು ಇತರ ನಾಯಿಗಳಿಗಿಂತ ಸುಮಾರು ಮೂರುಪಾಲು ಬೇಗ ತೆರೆದುವು. ತೆರೆಯದೆ ನಿಂತ ನಾಯಿಗಳು ಕಲ್ಲೆದೆಯವೆಂದು ತಿಳಿಯಕೂಡದು. ಅವುಗಳಲ್ಲಿ ಕಳವಳದ ಚಿಹ್ನೆಗಳು ತೆರೆದವುಗಳಿಗಿಂತ ಹೆಚ್ಚಾಗಿದ್ದುವು. ಅತಿಯಾದ ಸಂಕಟದಿಂದ ಕಾಲು ಕೀಳಲಾರದೆ ನಿಂತಿದ್ದುವು. ಮನುಷ್ಯರಲ್ಲಿಯೂ ಇಂತಹವರನ್ನು ನಾವು ಕಂಡಿದ್ದೇವಷ್ಟೆ. ಸಾವಿನ ಮನೆಯ ಬಾಗಿಲಲ್ಲಿ ಒಳಗೆ ಹೋಗಲಾರದೆ ನಿಲ್ಲುವವರು ನಿರ್ದಯರಲ್ಲ.

ಈ ಸೂಕ್ಷ್ಮದೃಷ್ಟಿ ನಾಯಿಗೆ ಎಲ್ಲಿಂದ ಬಂದಿತು? ನಾಯಿಯ ಮೂಲಪುರುಷನು ತೋಳ. ಸಾವಿರಾರು ತಲೆಮಾರುಗಳ ಕಾಲ ನಮ್ಮ ಒಲೆಯ ಬೆಳಕಿನಲ್ಲಿ, ನಮ್ಮ ಮುಖವನ್ನು ನೋಡಿ ಬಾಳಬಲ್ಲವೇ ಉಳಿದು ಬೆಳೆದುವು. ಅದರ ಗುರುತು ನಾಯಿಯ ಮುಖದ ಸ್ನಾಯುಗಳಲ್ಲಿಯೇ ಇದೆ. ಹುಬ್ಬಿನ ಒಳತುದಿಯನ್ನು ಮೇಲಕ್ಕೆತ್ತುವ ಒಂದು ಸಣ್ಣ ಸ್ನಾಯುವು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ. ತೋಳಗಳಲ್ಲಿ ಅದು ಸ್ನಾಯುವಾಗಿಯೇ ರೂಪುಗೊಂಡಿಲ್ಲವೆಂದು ೨೦೧೯ರಲ್ಲಿ ತೋರಿಸಿದರು. ನಾಯಿಯ ಕಣ್ಣು ದೊಡ್ಡದಾಗಿಯೂ ದೀನವಾಗಿಯೂ ಕಾಣುವುದು ಆ ಸ್ನಾಯುವಿನಿಂದ. ಎದುರಿಗಿರುವವರು ತನ್ನ ಕಡೆಗೆ ಮುಖ ಮಾಡಿರುವಾಗ ನಾಯಿಯು ಅದನ್ನು ಹೆಚ್ಚಾಗಿ ಆಡಿಸುವುದೆಂಬುದೂ ತಿಳಿದಿದೆ.

ಈ ಗೆಳೆತನದಲ್ಲಿ ಮನುಷ್ಯನ ಕಡೆಯ ಲೆಕ್ಕವೂ ಬರಿದಾಗಿಲ್ಲ. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ಲಿನಲ್ಲಿ ೧೯೧೪ರಲ್ಲಿ ಕಲ್ಲುಗಣಿಯವರಿಗೆ ಸುಮಾರು ಹದಿನಾಲ್ಕು ಸಾವಿರ ವರ್ಷಗಳ ಹಿಂದಿನ ಸಮಾಧಿಯೊಂದು ದೊರೆಯಿತು; ಒಬ್ಬ ಗಂಡಸು, ಒಬ್ಬ ಹೆಂಗಸು, ಜತೆಗೆ ಏಳು ತಿಂಗಳಿಗೆ ಮುಟ್ಟದ ಒಂದು ನಾಯಿಮರಿ. ಮರಿಯ ಹಲ್ಲುಗಳನ್ನು ಈಚೆಗೆ ಪರೀಕ್ಷಿಸಿದವರು, ಅದು ಕಠಿನವಾದ ರೋಗಕ್ಕೆ ತುತ್ತಾಗಿ, ವಾರಗಟ್ಟಲೆ ಮನುಷ್ಯರ ಶುಶ್ರೂಷೆಯಿಂದ ಬದುಕಿರಬೇಕೆಂದು ಹೇಳುವರು. ರೋಗದ ಮರಿಯಿಂದ ಬೇಟೆಗೆ ಏನು ಪ್ರಯೋಜನ? ನಮ್ಮ ನಾಡಿಗೆ ಬಂದರೆ, ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. ೯೪೯-೫೦ರ ಕಲ್ಲು ಎಲ್ಲರೂ ನೋಡಬೇಕಾದುದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೇಡಿದುದನ್ನು ಕೊಡುವೆನೆಂದು ಅರಸನು ಹೇಳಿದಾಗ, ಆ ವೀರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಆ ಕಾಳಿಯು ಮುಂದೆ ಹಂದಿಯೊಂದರೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೆರನು ಅದಕ್ಕೆ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟನು.

ಇಷ್ಟು ಹಳೆಯ ಸ್ನೇಹದಲ್ಲಿ ಒಬ್ಬರು ಮಾತ್ರ ಓದು ಕಲಿತು, ಇನ್ನೊಬ್ಬರು ಅನಕ್ಷರಸ್ಥರಾಗಿ ಉಳಿದಿರುವುದು ವಿಚಿತ್ರ. ಇದರಿಂದ ಪೆಟ್ಟು ತಿನ್ನುವುದು ನಾಯಿ ಮಾತ್ರವಲ್ಲ, ನಮ್ಮ ಮಕ್ಕಳೂ ಹೌದು. ಹಲ್ಲು ಕಿರಿದು ಗುರುಗುಟ್ಟುವ ನಾಯಿಯ ಚಿತ್ರವನ್ನು ನೋಡಿ ಸಣ್ಣ ಮಕ್ಕಳಲ್ಲಿ ಎಷ್ಟೋ ಮಂದಿ ಅದು ನಗುತ್ತಿದೆಯೆಂದು ಹೇಳುವರೆಂಬುದನ್ನು ಲಿಂಕನ್ನಿನ ವಿದ್ವಾಂಸರು ಕಂಡುಕೊಂಡಿದ್ದಾರೆ. ಬಾಲವಾಡುತ್ತಿದ್ದರೆ ಸ್ನೇಹವೆಂಬುದು ದೊಡ್ಡವರ ನಂಬಿಕೆ. ಇಟಲಿಯ ಬಾರಿ ನಗರದವರು ೨೦೦೭ರಲ್ಲಿ ೩೦ ನಾಯಿಗಳ ಬಾಲವನ್ನು ಅಳೆದು ನೋಡಿದಾಗ, ಒಡೆಯನನ್ನು ಕಂಡರೆ ಅದು ನಾಯಿಯ ಬಲಗಡೆಗೂ, ಗತ್ತಿನ ಅಪರಿಚಿತ ನಾಯಿಯನ್ನು ಕಂಡರೆ ಎಡಗಡೆಗೂ ಹೆಚ್ಚು ವಾಲುವುದು ಕಂಡಿತು. ಬಾಲದ ಎಡ ಬಲಗಳನ್ನು ಬೀದಿಯಲ್ಲಿ ನಿಂತು ಅಳೆಯಲಾಗದು ನಿಜ. ಆದರೆ ಹೆದರಿದ ನಾಯಿಯು ಕಚ್ಚುವ ಮೊದಲು ಹೇಳುವ ಮಾತುಗಳನ್ನು ಯಾರೂ ಕಲಿಯಬಹುದು. ಹಸಿವಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ತಲೆಯನ್ನು ಆಚೆ ತಿರುಗಿಸಿ ಕಣ್ಣಿನ ಬಿಳಿಯ ಅಂಚಿನಿಂದ ನೋಡುವುದು, ಒಂದು ಮುಂಗಾಲನ್ನು ಎತ್ತಿಕೊಂಡು ನಿಲ್ಲುವುದು, ಕಡೆಗೆ ಇದ್ದಕ್ಕಿದ್ದಂತೆ ಕಲ್ಲಿನಂತೆ ಸೆಟೆಯುವುದು. ಮಗುವು ನಾಯಿಯ ಕೊರಳನ್ನು ತಬ್ಬಿಕೊಂಡಿರುವ ಭಾವಚಿತ್ರಗಳನ್ನು ಗೋಡೆಯ ಮೇಲೆ ತೂಗುಹಾಕಿರುವ ಮಿತ್ರರು ಒಮ್ಮೆ ಮಗುವಿನ ಮುಖವನ್ನು ಬಿಟ್ಟು ನಾಯಿಯ ಮುಖವನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇವೆ. ಹುಚ್ಚುನಾಯಿ ರೋಗದ ಭಯವು ಇನ್ನೂ ಅಳಿಯದ ನಮ್ಮ ನಾಡಿನಲ್ಲಿ ಕಡಿತವೆಂದರೆ ಸಣ್ಣ ಮಾತಲ್ಲ. ಕಚ್ಚಿದ ಗಾಯವನ್ನು ಹದಿನೈದು ನಿಮಿಷ ಸಾ‌ಬೂನು ನೀರಿನಿಂದ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಲೇಬೇಕೆಂಬುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ.

ಈಗ ನಮ್ಮಲ್ಲಿ ಇನ್ನೊಂದು ನಾಯಿ ಇದೆ. ನಿನ್ನೆ ರಾತ್ರಿ ಈ ಭಾಷಣವನ್ನು ಮುಗಿಸಲಾರದೆ, ಬರೆದುದನ್ನು ಹೊಡೆದುಹಾಕುತ್ತ, ಹುಬ್ಬು ಗಂಟಿಕ್ಕಿಕೊಂಡು ಕುಳಿತಿದ್ದೆವು. ಅದು ಮೇಜಿನ ಕೆಳಗಿನಿಂದ ಎದ್ದು ಬಂದು ನಮ್ಮ ಮುಖವನ್ನು ನೋಡಿ, ತುಟಿಯನ್ನು ನೆಕ್ಕಿಕೊಂಡು, ಬಾಯ್ದೆರೆದು ಒಂದು ಆಕಳಿಕೆ ತೆಗೆಯಿತು. ನಿದ್ದೆಯ ಹೊತ್ತಲ್ಲ; ಅದಕ್ಕೆ ಊಟವೂ ಆಗಿತ್ತು. ನಾವು ಲೇಖನಿಯನ್ನು ಕೆಳಗಿಟ್ಟು ಕುರ್ಚಿಯಿಂದ ಎದ್ದೆವು. ಅದು ಬಾಗಿಲಿನವರೆಗೆ ಹೋಗಿ, ಹಿಂದಿರುಗಿ ನೋಡಿ, ನಾವು ಬರುವವರೆಗೆ ಕಾದು ನಿಂತಿತು.